ಕುದಿಯುವ ನೀರಲ್ಲಿರೋ ಜೀವಿಗೆ ಜಿಗಿಯುವ ಜೀನ್ ಯಾಕೆ? ಸೆಮಿನಾರ್‌ಗೆ ಸಹಾಯ ಬೇಕು

ಮೆಕ್ಕೆಜೋಳದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಬರೋ ಗುರುವಾರ ನನ್ನ ಸೆಮಿನಾರ್. ಚೀಟಿ ಎತ್ತಿಸಿದರು. ನನಗೆ ಬಂದದ್ದು "ಸಮುದ್ರದಾಳದ ಬಿಸಿನೀರ ಬುಗ್ಗೆಯ ಸೂಕ್ಷ್ಮಜೀವಿಗಳಲ್ಲಿ ಓಡಾಡುವ ಜೀನ್‌ಗಳು". ಪಕ್ಕದವಳಿಗೆ ಮೊಸರಿನ ಬ್ಯಾಕ್ಟೀರಿಯಾ ಬಂತು. ನನ್ನ ಹಣೆಬರಹ ನೋಡಿ.

ಓದೋದೆಲ್ಲ ಓದಿದ್ದೇನೆ. ಒಂದು ಪ್ರಶ್ನೆ ಮಾತ್ರ ತಲೆಯಿಂದ ಇಳೀತಿಲ್ಲ. ಈ ಜೀವಿಗಳ ಡಿಎನ್‌ಎ ತೀರಾ ಚಿಕ್ಕದು. ಪೈರೊಕಾಕಸ್ ಅಬಿಸೈ ಅನ್ನೋದಕ್ಕೆ ಇರೋದು ಸುಮಾರು 17.6 ಲಕ್ಷ ಅಕ್ಷರ. ನಮ್ಮ ಜಗಳೂರು ಕಡೆ ಹೊಲದ ಮೆಕ್ಕೆಜೋಳಕ್ಕೆ ಸುಮಾರು 230 ಕೋಟಿ! ಸುತ್ತ ನೂರು ಡಿಗ್ರಿ ಬಿಸಿ, ಕೈಯಲ್ಲಿ ಇಷ್ಟೇ ಇಷ್ಟು ಬಂಡವಾಳ. ಅಂಥ ಬಿಗಿ ಸಂಸಾರದಲ್ಲಿ ಬಿಟ್ಟಿ ಕೂತು ಉಣ್ಣೋ ಡಿಎನ್‌ಎ ತುಂಡುಗಳನ್ನ ಯಾಕೆ ಇಟ್ಟುಕೊಂಡಿವೆ? ಎತ್ತಿ ಬಿಸಾಕಬಾರದಾ?

ಗೈಡ್ ಹತ್ತಿರ ಕೇಳಿದೆ. "ಒಳ್ಳೇ ಪ್ರಶ್ನೆ" ಅಂದು ಚಹಾ ಕುಡಿಯೋಕೆ ಹೋದರು.

ಸುಮ್ನೆ ಓದೋನು

ತಂಗಿ, ನಾನು ಬಿಕಾಂ. ಜೀನ್ ಅಂದ್ರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರೋದು ಅಲ್ವಾ? ಅದು ಓಡಾಡೋದು ಅಂದ್ರೆ ಹೇಗೆ? ಕಾಲಿದೆಯಾ?

ಮೆಕ್ಕೆಜೋಳದ ಮಗಳು

ಕಾಲಿಲ್ಲ ಅಣ್ಣ, ಕತ್ತರಿ ಇದೆ. ಇದನ್ನ ಮೊದಲು ಕಂಡು ಹಿಡಿದದ್ದೇ ನಮ್ಮ ಮೆಕ್ಕೆಜೋಳದಲ್ಲಿ. ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್ ಅಂತ ವಿಜ್ಞಾನಿ. 1940ರ ದಶಕದಲ್ಲಿ ಬಣ್ಣಬಣ್ಣದ ಜೋಳದ ತೆನೆ ಬೆಳೆಸಿ ಕಾಳು ಕಾಳೂ ನೋಡುತ್ತಿದ್ದರು. ಕೆಲವು ಕಾಳಿನ ಮೇಲೆ ನೇರಳೆ ಚುಕ್ಕೆ. ಯಾಕೆ ಅಂದ್ರೆ, ಬಣ್ಣದ ಜೀನ್ ಒಳಗೆ ಒಂದು ಡಿಎನ್‌ಎ ತುಂಡು ಬಂದು ಕೂತಿರುತ್ತೆ. ಬಣ್ಣ ಬರೋದು ನಿಲ್ಲುತ್ತೆ. ಕಾಳು ಬೆಳೆಯುವಾಗ ಕೆಲವು ಕೋಶದಲ್ಲಿ ಆ ತುಂಡು ಎದ್ದು ಬೇರೆ ಕಡೆ ಹೋಗುತ್ತೆ. ಆ ಕೋಶಕ್ಕೂ ಅದರ ಮಕ್ಕಳಿಗೂ ಬಣ್ಣ ವಾಪಸ್. ಬೇಗ ಎದ್ದರೆ ದೊಡ್ಡ ಮಚ್ಚೆ, ತಡವಾಗಿ ಎದ್ದರೆ ಸೂಜಿಮೊನೆಯಷ್ಟು ಚುಕ್ಕೆ. ಅಂದ್ರೆ ಚುಕ್ಕೆಯ ಗಾತ್ರ ನೋಡಿದರೆ ತುಂಡು ಯಾವಾಗ ಜಿಗಿಯಿತು ಅಂತ ಗೊತ್ತಾಗುತ್ತೆ.

ಬಹಳ ವರ್ಷ ಯಾರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1983ರಲ್ಲಿ ನೊಬೆಲ್ ಬಂತು. ಆಗ ಅವರಿಗೆ 81 ವರ್ಷ.

ಎಪಿಎಂಸಿ ಹುಡುಗ

ಸುಗ್ಗಿಯಲ್ಲಿ ದಿನಾ ನೂರಾರು ಚೀಲ ಜೋಳ ನನ್ನ ಕೈ ಮೇಲೆ ಹೋಗುತ್ತೆ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ಹಲ್ಲಲ್ಲಿ ಕಚ್ಚಿ ನೋಡ್ತೀವಿ, ತೇವ ಎಷ್ಟಿದೆ ಅಂತ. ಎಲ್ಲ ಹಳದಿನೇ ಅಕ್ಕ. ಒಂದು ಚುಕ್ಕೆ ಕಂಡಿಲ್ಲ. ಈ ಹೈಬ್ರಿಡ್‌ನಲ್ಲಿ ಜಿಗಿಯೋ ತುಂಡು ಇಲ್ಲ ಅನ್ಸುತ್ತೆ.

ಮೆಕ್ಕೆಜೋಳದ ಮಗಳು

ಇದೆ ತಮ್ಮ, ಬೇಕಾದಷ್ಟಿದೆ. ಹಳದಿ ಜೋಳದಲ್ಲಿ ಆ ನೇರಳೆ ಬಣ್ಣವೇ ಇಲ್ಲವಲ್ಲ, ಚುಕ್ಕೆ ಎಲ್ಲಿಂದ ಕಾಣಬೇಕು? 2009ರಲ್ಲಿ ಮೆಕ್ಕೆಜೋಳದ ಪೂರ್ತಿ ಡಿಎನ್‌ಎ ಓದಿ ಮುಗಿಸಿದರು. ಸುಮಾರು ನೂರಕ್ಕೆ 85 ಭಾಗ ಇಂಥ ತುಂಡುಗಳೇ. ಹೆಚ್ಚಿನವು ಈಗ ಅಲ್ಲಾಡದೆ ಬಿದ್ದಿವೆ. ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಕ್ವಿಂಟಾಲಿಗೆ ಹದಿನೈದು ಕೆಜಿ ಮಾತ್ರ ಜೋಳ ಅನ್ನು" ಅಂತ ನಕ್ಕರು.

ಜೋಳಕ್ಕೆ ಜಾಗ ಜಾಸ್ತಿ, ಬಿಟ್ಟಿ ನೆಂಟರು ಬಂದು ಕೂತರೆ ತಡೆಯುತ್ತೆ. ನನ್ನ ಪ್ರಶ್ನೆ ಇರೋದು ಒಂದೇ ಕೋಣೆಯ ಮನೆ ಬಗ್ಗೆ.

ಲ್ಯಾಬ್ ಅಣ್ಣ

ನಾನು ಇಲ್ಲೇ ಒಂದು ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ನನಗೆ ಅದಕ್ಕಿಂತ ಮುಂಚಿನ ಡೌಟು. ಕೋವಿಡ್ ಟೈಮಲ್ಲಿ ಹಗಲು ರಾತ್ರಿ ಪಿಸಿಆರ್ (ಡಿಎನ್‌ಎ ನಕಲು ಮಾಡಿ ನೋಡೋ ಪರೀಕ್ಷೆ) ಹಾಕಿದ್ದೀವಿ. ಮಷೀನು 95 ಡಿಗ್ರಿಗೆ ಹೋದ ತಕ್ಷಣ ಡಿಎನ್‌ಎಯ ಎರಡು ಎಳೆ ಬಿಟ್ಟುಕೊಳ್ಳುತ್ತೆ. ಅದಕ್ಕೇ ತಾನೇ ಬಿಸಿ ಮಾಡೋದು. ಈ ಜೀವಿ ನೂರು ಡಿಗ್ರಿಯಲ್ಲಿ ಇರುತ್ತೆ ಅಂದ್ರೆ ಅದರ ಡಿಎನ್‌ಎ ಯಾಕೆ ಬಿಚ್ಚಿಕೊಳ್ಳಲ್ಲ?

ಇನ್ನೊಂದು. ನಾವು ಆಟೋಕ್ಲೇವ್‌ನಲ್ಲಿ (ಹಬೆಯಿಂದ ಕ್ರಿಮಿ ಕೊಲ್ಲೋ ಕುಕ್ಕರ್ ಥರದ ಯಂತ್ರ) 121 ಡಿಗ್ರಿ, 15 ನಿಮಿಷ ಇಟ್ಟರೆ ಏನೂ ಬದುಕಲ್ಲ ಅಂತ ಬರೆದು ಸಹಿ ಹಾಕ್ತೀವಿ. ಅದು ಸುಳ್ಳಾ?

ಆರ್ಕಿಯಾ ಅಕ್ಕ

ನಾನೂ ದಾವಣಗೆರೆಯವಳೇ, ವಿದ್ಯಾನಗರ. ಈಗ ಬೆಂಗಳೂರಲ್ಲಿ ಸೂಕ್ಷ್ಮಜೀವಿಗಳ ಜೊತೆ ಕೆಲಸ. ಲ್ಯಾಬ್ ಅಣ್ಣ, ನಿಮ್ಮ ಸಹಿ ಸುಳ್ಳಲ್ಲ. ರೋಗ ತರುವ ಯಾವ ಬ್ಯಾಕ್ಟೀರಿಯಾವೂ ಅಲ್ಲಿ ಬದುಕಲ್ಲ. ಆದರೆ 2003ರಲ್ಲಿ ಪೆಸಿಫಿಕ್ ಸಾಗರದ ವಾನ್ ಡಿ ಫೂಕಾ ದಿಬ್ಬದ ಬುಗ್ಗೆಯಿಂದ ತಂದ ಒಂದು ಜೀವಿಯನ್ನು 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ 24 ಗಂಟೆ ಇಟ್ಟರು. ಸಾಯಲಿಲ್ಲ, ಎರಡರಷ್ಟಾಗಿತ್ತು! ಅದಕ್ಕೆ ಸ್ಟ್ರೇನ್ 121 ಅಂತಲೇ ಹೆಸರು. 2008ರಲ್ಲಿ ಜಪಾನಿನವರು ಮೆಥನೋಪೈರಸ್ ಅನ್ನೋದನ್ನ ಭಾರೀ ಒತ್ತಡದಲ್ಲಿ 122 ಡಿಗ್ರಿಯವರೆಗೆ ಬೆಳೆಸಿದರು. ಅದು ಸಿಕ್ಕಿದ್ದು ನಮ್ಮ ಹಿಂದೂ ಮಹಾಸಾಗರದ ಕೈರೈ ಅನ್ನೋ ಬುಗ್ಗೆಯಲ್ಲಿ. ಕಾಯಿಲೆ ಭಯ ಬೇಡ. ನಮ್ಮ ಮೈಯ ಬಿಸಿ ಅವಕ್ಕೆ ಫ್ರಿಜ್ ಇದ್ದ ಹಾಗೆ, ಬೆಳೆಯೋದೇ ಇಲ್ಲ.

ಡಿಎನ್‌ಎ ಬಿಚ್ಚಿಕೊಳ್ಳೋ ವಿಚಾರ. ಚೀಲ ಹೊಲಿಯೋ ಹುರಿ ತಗೊಳ್ಳಿ. ತುದಿ ಬಿಟ್ಟಿದ್ದರೆ ತಿರುವಿದ ಕಡೆ ಬಿಚ್ಚಿಕೊಳ್ಳುತ್ತೆ. ಎರಡು ತುದಿ ಸೇರಿಸಿ ಬಳೆ ಮಾಡಿ. ಈಗ ಬಿಚ್ಚಿ ನೋಡಿ. ಆಗಲ್ಲ, ಅಲ್ವಾ? ಪಿಸಿಆರ್‌ನಲ್ಲಿ ನೀವು ಹಾಕೋ ತುಂಡುಗಳಿಗೆ ತುದಿ ಇದೆ. ಈ ಜೀವಿಗಳ ಡಿಎನ್‌ಎ ಮುಚ್ಚಿದ ಬಳೆ. ನೂರು ಡಿಗ್ರಿ ದಾಟಿದರೂ ಎಳೆಗಳು ಒಂದನ್ನೊಂದು ಬಿಡಲ್ಲ. ಜೊತೆಗೆ ರಿವರ್ಸ್ ಗೈರೇಸ್ ಅಂತ ಒಂದು ಕಿಣ್ವ ಇದೆ. ಡಿಎನ್‌ಎಯನ್ನ ಇನ್ನೂ ಬಿಗಿಯಾಗೋ ಕಡೆಗೆ ತಿರುವುತ್ತೆ. ಒಂದು ಜೀವಿಯಲ್ಲಿ ಆ ಜೀನ್ ತೆಗೆದು ನೋಡಿದರು. 90 ಡಿಗ್ರಿಯಲ್ಲಿ ಹೇಗೋ ಬೆಳೆಯಿತು, 93ರಲ್ಲಿ ಆಗಲಿಲ್ಲ.

ನಿಜವಾದ ತೊಂದರೆ ಬೇರೆ. ಬಿಸಿಗೆ ಅಕ್ಷರಗಳೇ ಉದುರುತ್ತವೆ, ಎಳೆ ತುಂಡಾಗುತ್ತೆ. ದಿನವಿಡೀ ರಿಪೇರಿ. ಈ ರಿಪೇರಿ ವಿಚಾರ ನೆನಪಿಟ್ಟುಕೋ ತಂಗಿ, ನಿನ್ನ ಪ್ರಶ್ನೆಗೆ ಬರೋವಾಗ ಬೇಕಾಗುತ್ತೆ. ರಾತ್ರಿ ಬರೀತೀನಿ, ಈಗ ಮೀಟಿಂಗ್.

ಕಲ್ಲು ಮೇಷ್ಟ್ರು

ನಾನು ದುರ್ಗದವನು, ಭೂಗರ್ಭ ಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು. ಜೀನ್ ಗೀನ್ ನನಗೆ ತಿಳಿಯದು. ಮನೆ ಬಗ್ಗೆ ಎರಡು ಮಾತು ಹೇಳುತ್ತೇನೆ.

1977ರಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ ಆಲ್ವಿನ್ ಅನ್ನೋ ಪುಟ್ಟ ಜಲಾಂತರ್ಗಾಮಿ ಸುಮಾರು 2500 ಮೀಟರ್ ಇಳಿದಾಗ ಈ ಬುಗ್ಗೆಗಳು ಮೊದಲು ಕಂಡವು. ಎರಡು ವರ್ಷ ಬಿಟ್ಟು ಮೆಕ್ಸಿಕೊ ಕಡೆಯ ಸಮುದ್ರದಲ್ಲಿ ಕಪ್ಪು ಹೊಗೆ ಉಗುಳುವ ಚಿಮಣಿಗಳು ಸಿಕ್ಕವು. ನೀರು 350 ಡಿಗ್ರಿ ಮೇಲೆ. ಹತ್ತು ಮೀಟರಿಗೆ ಒಂದು ವಾತಾವರಣದ ಒತ್ತಡ ಲೆಕ್ಕ ಹಾಕಿ, 250 ಆಯಿತು. ಅಷ್ಟು ಒತ್ತಡದಲ್ಲಿ ನೀರು ಕುದಿಯಲ್ಲ. ಮನೆಯ ಕುಕ್ಕರ್ ಎರಡು ವಾತಾವರಣದಲ್ಲೇ 120 ಡಿಗ್ರಿ ತಲುಪುತ್ತೆ.

ಹೊಗೆ ಅನ್ನೋದು ಹೊಗೆಯಲ್ಲ. ಬಿರುಕಲ್ಲಿ ಇಳಿದ ಸಮುದ್ರದ ನೀರು ಬಿಸಿ ಕಲ್ಲಿಂದ ಕಬ್ಬಿಣ, ತಾಮ್ರ, ಸತು ಕರಗಿಸಿಕೊಂಡು ಮೇಲೆ ಬರುತ್ತೆ. ಹೊರಗಿನ ನೀರು ಎರಡು ಡಿಗ್ರಿ. ಸೇರಿದ ಕೂಡಲೇ ಲೋಹ ಗಂಧಕದ ಜೊತೆ ಸೇರಿ ಕಪ್ಪು ಪುಡಿಯಾಗಿ ಬೀಳುತ್ತೆ. ಅದೇ ಗೂಡು ಕಟ್ಟಿ ಚಿಮಣಿ.

ಈಗ ದಾವಣಗೆರೆಯವರು ಮಂಡಕ್ಕಿ ಭಟ್ಟಿ ನೆನಪು ಮಾಡಿಕೊಳ್ಳಿ. ಒಲೆ ಬಾಯಿ ಹತ್ತಿರ ಮರಳು ಕೆಂಡದ ಹಾಗೆ. ಎರಡು ಹೆಜ್ಜೆ ಹಿಂದೆ ಚೀಲ ತುಂಬೋ ಹೆಣ್ಣುಮಕ್ಕಳು. ಬಾಗಿಲ ಹೊರಗೆ ತಣ್ಣಗೆ ನಾಯಿ ಮಲಗಿರುತ್ತೆ. ಚಿಮಣಿಯ ಗೋಡೆಯೂ ಹಾಗೇ. ಒಳಗೆ 350, ಹೊರಗೆ 2, ನಡುವೆ ಕೆಲವೇ ಸೆಂಟಿಮೀಟರ್ ಸ್ಪಂಜಿನಂಥ ಕಲ್ಲು. ನಿಮ್ಮ ಜೀವಿಗಳು ಆ ತೂತುಗಳಲ್ಲಿ, ತಮತಮಗೆ ಒಗ್ಗಿದ ಬಿಸಿ ನೋಡಿಕೊಂಡು ಕೂತಿರುತ್ತವೆ.

ಇದನ್ನು ನೋಡಲು ಪೆಸಿಫಿಕ್‌ಗೇ ಹೋಗಬೇಕು ಅಂತ ಇಲ್ಲ. ಚಿತ್ರದುರ್ಗದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ದೂರದ ಮರಡಿಹಳ್ಳಿಗೆ ಬನ್ನಿ. ದಿಂಬು ಪೇರಿಸಿಟ್ಟ ಹಾಗೆ ಕಲ್ಲು. ಸಮುದ್ರದೊಳಗೆ ಉಕ್ಕಿದ ಲಾವಾ ತಣ್ಣೀರಿಗೆ ತಾಗಿ ದಿಂಬಿನಂತೆ ಗಟ್ಟಿಯಾದದ್ದು. 250 ಕೋಟಿ ವರ್ಷದಷ್ಟು ಹಳೆಯದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕ ಇದೆ. ಮೇಕೆಗಳಿಗೆ ಅದರ ಮೇಲೆ ಬಹಳ ಗೌರವ. ಇಂಗಳದಾಳದ ತಾಮ್ರದ ಅದಿರೂ ಇಂಥ ಹಳೇ ಜ್ವಾಲಾಮುಖಿ ಕಲ್ಲುಗಳ ಸಹವಾಸದಲ್ಲೇ ಸಿಕ್ಕಿದ್ದು.

ಸುಮ್ನೆ ಓದೋನು

ಮೇಷ್ಟ್ರೇ, ಕೋಟೆ ನೋಡೋಕೆ ಹತ್ತು ಸಲ ಬಂದಿದ್ದೀನಿ. ದುರ್ಗದ ಪಕ್ಕ ಸಮುದ್ರದ ತಳ ಇದೆ ಅಂತ ಒಬ್ಬರೂ ಹೇಳಲಿಲ್ಲವಲ್ಲ!

ಆರ್ಕಿಯಾ ಅಕ್ಕ

ಬಂದೆ. ಮೇಷ್ಟ್ರ ಭಟ್ಟಿ ಉಪಮೆ ಚೆನ್ನಾಗಿದೆ, ಅಲ್ಲಿಂದಲೇ ಶುರು ಮಾಡ್ತೀನಿ.

ಬೆರಳಗಲದ ಗೋಡೆಯಲ್ಲಿ ಕೋಟಿಗಟ್ಟಲೆ ಜೀವಿಗಳು ಒತ್ತೊತ್ತಾಗಿ ಇವೆ. ಒಂದು ಸತ್ತರೆ ಅದರ ಡಿಎನ್‌ಎ ಪಕ್ಕದವರ ಮೇಲೆ ಚೆಲ್ಲುತ್ತೆ. ಹಾಗಾಗಿ ತುಂಡುಗಳು ಕೈ ಬದಲಾಗೋದು ವಿಶೇಷವಲ್ಲ. ಹೇಗೆ ಹೋಗುತ್ತವೆ ಅನ್ನೋದು ಸ್ವಾರಸ್ಯ.

ಮೊದಲನೆಯದು ಪ್ಲಾಸ್ಮಿಡ್. ದೊಡ್ಡ ಡಿಎನ್‌ಎ ಪಕ್ಕ ತನ್ನ ಪಾಡಿಗೆ ಇರೋ ಸಣ್ಣ ಬಳೆ. ಫಿಜಿ ಹತ್ತಿರದ ಬುಗ್ಗೆಯಿಂದ ತಂದ ಪೈರೊಕಾಕಸ್ ಅಬಿಸೈಯಲ್ಲಿ ಪಿಜಿಟಿ5 ಅಂತ ಒಂದು ಸಿಕ್ಕಿತು. 3,444 ಅಕ್ಷರ ಅಷ್ಟೇ. ತನ್ನ ನಕಲು ತಾನು ಮಾಡಿಸಿಕೊಳ್ಳೋದು ಬಿಟ್ಟರೆ ಬೇರೆ ದೊಡ್ಡ ಕೆಲಸ ಕಾಣಲ್ಲ.

ಎರಡನೆಯದು ವೈರಸ್. 2003ರಲ್ಲಿ ಇದೇ ಅಬಿಸೈಯಲ್ಲಿ ಪಿಎವಿ1 ಸಿಕ್ಕಿತು. ಥೇಟ್ ನಿಂಬೆಹಣ್ಣಿನ ಆಕಾರ, ಒಂದು ತುದಿಯಲ್ಲಿ ಪುಟ್ಟ ಬಾಲ. ಈ ಆಕಾರದ ವೈರಸ್ ಆರ್ಕಿಯಾಗಳಲ್ಲಿ ಮಾತ್ರ ಕಂಡಿದೆ. (ಆರ್ಕಿಯಾ ಅಂದ್ರೆ ನೋಡೋಕೆ ಬ್ಯಾಕ್ಟೀರಿಯಾ ಥರ, ವಂಶವೇ ಬೇರೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ಬುಗ್ಗೆ ಕಂಡ ವರ್ಷವೇ ನೋಡಿ.) ಪಿಎವಿ1 ಮನೆಯನ್ನ ಒಡೆದು ಹಾಕಲ್ಲ. ಒಳಗಿದ್ದುಕೊಂಡೇ ಒಂದೊಂದಾಗಿ ಹೊರಗೆ ಬರ್ತಾ ಇರುತ್ತೆ. ಬಾಡಿಗೆ ಕೊಡದ, ಜಗಳವನ್ನೂ ಆಡದ ಬಾಡಿಗೆದಾರ.

ಮೂರನೆಯದು ನನಗೆ ತುಂಬಾ ಇಷ್ಟ. ಥರ್ಮೊಕಾಕಸ್ ಅನ್ನೋ ಜೀವಿಗಳು ತಮ್ಮ ಪೊರೆಯಿಂದಲೇ ಸಣ್ಣ ಗುಳ್ಳೆ ಮಾಡಿ ಹೊರಗೆ ಬಿಡುತ್ತವೆ. ಮೊದಲು ನೋಡಿದವರಿಗೆ ವೈರಸ್ಸೇ ಅನ್ನಿಸಿತ್ತು. ಥರ್ಮೊಕಾಕಸ್ ನಾಟಿಲಿಯ ಗುಳ್ಳೆ ಒಡೆದು ನೋಡಿದರೆ ಒಳಗೆ ಪ್ಲಾಸ್ಮಿಡ್. ಎಲೆಯಲ್ಲಿ ಕಟ್ಟಿಕೊಟ್ಟ ಪಾರ್ಸಲ್ ಇದ್ದ ಹಾಗೆ. ಗುಳ್ಳೆ ಒಳಗಿದ್ದರೆ ಡಿಎನ್‌ಎ ಬಿಸಿಗೂ ಜಾಸ್ತಿ ತಡೆಯುತ್ತೆ, ಡಿಎನ್‌ಎ ಕಡಿಯೋ ಕಿಣ್ವಕ್ಕೂ ಸಿಗಲ್ಲ. ಇನ್ನೊಂದು ಥರ್ಮೊಕಾಕಸ್‌ನ ಇಂಥ ಗುಳ್ಳೆಗಳನ್ನ ಪ್ಲಾಸ್ಮಿಡ್ ಇಲ್ಲದ ಕೋಶಗಳಿಗೆ ಕೊಟ್ಟು ನೋಡಿದರು, ಪಾರ್ಸಲ್ ತಲುಪಿತು.

ನಾಲ್ಕನೆಯದು ಜೋಳದ ಥರ ಜಿಗಿಯೋ ತುಂಡು. ಐಎಸ್ ಅಂತ ಕರೀತಾರೆ. ಇದು ಎಲ್ಲರಲ್ಲೂ ಒಂದೇ ಥರ ಇಲ್ಲ. ಪೈರೊಕಾಕಸ್ ಫ್ಯೂರಿಯೋಸಸ್‌ನಲ್ಲಿ ಬೇಕಾದಷ್ಟಿವೆ, ದಾಯಾದಿ ಅಬಿಸೈಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿನ್ನ "ಎತ್ತಿ ಬಿಸಾಕಬಾರದಾ" ಅನ್ನೋದಕ್ಕೆ ಇಲ್ಲಿ ಅರ್ಧ ಉತ್ತರ ಇದೆ. ಬಿಸಾಕೋಕೆ ನೋಡ್ತವೆ, ಕೆಲವರು ಗೆಲ್ತಾರೆ.

ಲ್ಯಾಬ್ ಅಣ್ಣ

ಹೊರಗೆ ಹಾಕೋಕೆ ಏನು ಇಟ್ಟುಕೊಂಡಿವೆ ಮೇಡಂ? ಕ್ರಿಸ್ಪರ್ ಅಂತಾರಲ್ಲ, ಅದಾ?

ಆರ್ಕಿಯಾ ಅಕ್ಕ

ಅದೇ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇರುತ್ತಲ್ಲ, ಹಾಗೆ. ಯಾವ ವೈರಸ್, ಯಾವ ಪ್ಲಾಸ್ಮಿಡ್ ಹಿಂದೆ ಬಂದು ಕಾಟ ಕೊಟ್ಟಿತ್ತು ಅಂತ ಅದರ ಒಂದು ಚೂರು ತನ್ನ ಡಿಎನ್‌ಎಯಲ್ಲೇ ಬರೆದಿಟ್ಟುಕೊಳ್ಳುತ್ತೆ. ಅದೇ ಗಿರಾಕಿ ಮತ್ತೆ ಬಂದರೆ ಪುಸ್ತಕ ತೆಗೆದು ನೋಡಿ ಕತ್ತರಿಸಿ ಹಾಕುತ್ತೆ. ಬಿಸಿನೀರಿನ ಆರ್ಕಿಯಾಗಳಲ್ಲಿ ಹೆಚ್ಚು ಕಡಿಮೆ ಎಲ್ಲರ ಹತ್ತಿರವೂ ಇದೆ. ಫ್ಯೂರಿಯೋಸಸ್ ಹತ್ತಿರ ಇಂಥ ಏಳು ಪುಸ್ತಕ. ಒಂದು ಪುಸ್ತಕ ಸಾಲದೆ ಏಳು ಇಟ್ಟುಕೊಂಡಿದೆ ಅಂದ್ರೆ ಗಿರಾಕಿಗಳು ಎಂಥವರು ಲೆಕ್ಕ ಹಾಕಿ.

ವಾದ ಮಾಡೋನು

ಎಲ್ಲ ಸರಿ. ಮೂಲಕ್ಕೆ ಬರೋಣ. ಜೀವ ಹುಟ್ಟಿದ್ದೇ ಈ ಬುಗ್ಗೆಯಲ್ಲಿ, ಹಾಗಾಗಿ ಈ ತುಂಡುಗಳೇ ಮೊದಲ ಜೀವ. ಇಷ್ಟು ಸಿಂಪಲ್.

ಕಲ್ಲು ಮೇಷ್ಟ್ರು

ಸ್ವಲ್ಪ ತಡೀರಿ. ಬುಗ್ಗೆಯಲ್ಲಿ ಹುಟ್ಟಿರಬಹುದು ಅನ್ನೋದು ಒಂದು ವಾದ. ನೆಲದ ಮೇಲಿನ ಕೊಳಗಳಲ್ಲಿ ಅನ್ನುವವರೂ ಇದ್ದಾರೆ. ಇತ್ಯರ್ಥ ಆಗಿಲ್ಲ. ಈ ತುಂಡುಗಳಿಗೆ ನಕಲು ಮಾಡಿಕೊಳ್ಳಲು ಒಂದು ಕೋಶ ಬೇಕಲ್ಲ. ಮನೆಯೇ ಇಲ್ಲದ ಮೇಲೆ ಬಾಡಿಗೆದಾರ ಎಲ್ಲಿಂದ ಬಂದ?

ವಾದ ಮಾಡೋನು

ಸರಿ ಮೇಷ್ಟ್ರೇ, ಅದು ವಾಪಸ್ ತಗೊಂಡೆ. ಇನ್ನೊಂದು ಬಿಡಲ್ಲ. ಎಲ್ಲದಕ್ಕೂ "ಉಪಯೋಗ" ಹುಡುಕ್ತಾ ಕೂರೋದು ನಮ್ಮ ಚಾಳಿ. ಇವು ಬಿಟ್ಟಿ ತಿನ್ನೋವು. ಇರೋಕೆ ಆಗುತ್ತೆ, ಅದಕ್ಕೆ ಇವೆ. ತಿಗಣೆಯಿಂದ ಮಂಚಕ್ಕೆ ಏನು ಉಪಯೋಗ?

ಲ್ಯಾಬ್ ಅಣ್ಣ

ಉಪಯೋಗ ಇಲ್ಲ ಅಂತ ಹೇಗೆ ಹೇಳ್ತೀರಿ? ಟ್ರೇನಿಂಗ್‌ನಲ್ಲಿ ನಮಗೆ ಪಿಸಿಆರ್‌ಗೆ ವೆಂಟ್ ಪಾಲಿಮರೇಸ್ ಅಂತ ಡಿಎನ್‌ಎ ನಕಲು ಮಾಡೋ ಕಿಣ್ವ ಕೊಟ್ಟಿದ್ದರು. ಆಳ ಸಮುದ್ರದ ಬುಗ್ಗೆಯಿಂದ ಬಂದದ್ದು. ಮಾಮೂಲಿ ಟ್ಯಾಕ್ ಪಾಲಿಮರೇಸ್‌ಗಿಂತ ತಪ್ಪು ಕಡಿಮೆ ಮಾಡುತ್ತೆ.

ಮೆಕ್ಕೆಜೋಳದ ಮಗಳು

ಅಣ್ಣ, ಇದನ್ನ ನಿನ್ನೆ ರಾತ್ರಿಯಷ್ಟೇ ಓದಿದೆ, ಅದಕ್ಕೇ ಬಾಯಿ ಹಾಕ್ತಿದ್ದೀನಿ. ವೆಂಟ್ ಬಂದದ್ದು ಥರ್ಮೊಕಾಕಸ್ ಲಿಟೊರಾಲಿಸ್‌ನಿಂದ. ಹೆಸರಿನಲ್ಲೇ ತೀರ ಇದೆ. ಇಟಲಿಯ ದಡದ ಹತ್ತಿರ, ಆಳ ಇಲ್ಲದ ನೀರಿನ ಬಿಸಿ ಬುಗ್ಗೆ. ನಿಜವಾಗಿ ಆಳದಿಂದ ಬಂದದ್ದು ಡೀಪ್ ವೆಂಟ್ ಅಂತ ಇನ್ನೊಂದು, 2010 ಮೀಟರ್ ಕೆಳಗಿನ ಪೈರೊಕಾಕಸ್. ಅದು 104 ಡಿಗ್ರಿವರೆಗೂ ಬೆಳೆಯುತ್ತೆ. ನಿಮ್ಮ ಟ್ಯಾಕ್ ಸಮುದ್ರದ್ದೇ ಅಲ್ಲ, ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ್ದು.

ವೆಂಟ್ ಜೀನ್ ಓದಿದಾಗ ಅದು ಇರಬೇಕಾದ್ದಕ್ಕಿಂತ ತುಂಬಾ ಉದ್ದ ಇತ್ತಂತೆ. ಒಳಗೆ ಎರಡು ಇಂಟೀನ್. ಅಕ್ಕ, ಇದು ನನಗೆ ಪೂರ್ತಿ ಅರ್ಥ ಆಗಲಿಲ್ಲ. ಪ್ರೋಟೀನ್ ನಡುವೆ ಬೇರೆ ಪ್ರೋಟೀನ್ ಸೇರಿದ ಮೇಲೂ ಅದು ಹೇಗೆ ಕೆಲಸ ಮಾಡುತ್ತೆ?

ಆರ್ಕಿಯಾ ಅಕ್ಕ

ಭೇಷ್ ತಂಗಿ. ಸರಿಯಾದ ಬಾಗಿಲಿಗೇ ಬಂದೆ. ನಿನ್ನ ಪ್ರಶ್ನೆಯ ಉಳಿದರ್ಧ ಉತ್ತರ ಇಲ್ಲೇ ಇದೆ. ನಿಧಾನವಾಗಿ ಹೇಳ್ತೀನಿ.

ನಮ್ಮ ಕಡೆ ಮದುವೆ ಊಟದ ಪಂಕ್ತಿ ನೆನಪಿಸಿಕೋ. ಮಾವ, ಅವರ ಪಕ್ಕ ಅಳಿಯ ಕೂತಿದ್ದಾರೆ. ನಡುವೆ ಯಾರೋ ಕರೆಯದವನು ಬಂದು ತೂರಿಕೊಂಡ. ಎಲೆ ಹಾಕೋ ಹೊತ್ತಿಗೆ ಅವನೇ ಎದ್ದು, ಮಾವನ ಕೈ ಅಳಿಯನ ಕೈ ಹಿಡಿಸಿ, ಇಬ್ಬರನ್ನೂ ಒತ್ತಿಗೆ ಕೂರಿಸಿ ಹೊರಟು ಹೋದ. ಪಂಕ್ತಿಯಲ್ಲಿ ಸಂದಿಯೇ ಇಲ್ಲ. ಇಂಟೀನ್ ಮಾಡೋದು ಇದೇ. ಜೀನ್ ಪ್ರಕಾರ ಒಂದೇ ಉದ್ದದ ಪ್ರೋಟೀನ್ ತಯಾರಾಗುತ್ತೆ. ನಡುವಿನ ತುಂಡು ತನ್ನನ್ನ ತಾನೇ ಕತ್ತರಿಸಿಕೊಂಡು, ಆಚೆ ಈಚೆ ತುದಿ ಬೆಸೆದು, ಹೊರಗೆ ಬರುತ್ತೆ. ಹೊರಗಿನ ಕಿಣ್ವ ಬೇಕಿಲ್ಲ. ಪಾಲಿಮರೇಸ್ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಕೆಲಸಕ್ಕೆ ಹೋಗುತ್ತೆ.

ಈಗ ಆ ಎದ್ದು ಹೋದವನು ಎಲ್ಲಿಗೆ ಹೋದ? ಇನ್ನೊಂದು ಚಪ್ಪರಕ್ಕೆ. ಅಲ್ಲೂ ಅಂಥದೇ ಮಾವ ಅಳಿಯ, ನಡುವೆ ಯಾರೂ ಇಲ್ಲ. ಹೊರಬಂದ ಇಂಟೀನ್ ಬಹಳ ಸಲ ಒಂದು ಕತ್ತರಿ ಕಿಣ್ವ. ಇಂಟೀನ್ ಇಲ್ಲದ ಅದೇ ಜೀನ್ ಸಿಕ್ಕರೆ ಸರಿಯಾಗಿ ಅದೇ ಜಾಗದಲ್ಲಿ ಡಿಎನ್‌ಎ ಕತ್ತರಿಸುತ್ತೆ. ಕೋಶ ಗಾಬರಿಯಾಗಿ ರಿಪೇರಿಗೆ ಇಳಿಯುತ್ತೆ. ರಿಪೇರಿಗೆ ಮಾದರಿ ಬೇಕಲ್ಲ, ಪಕ್ಕದಲ್ಲಿರೋ ಇಂಟೀನ್ ಇರೋ ಜೀನ್ ನೋಡಿ ನಕಲು ಮಾಡುತ್ತೆ. ಮುಗೀತು. ಈಗ ಎರಡರಲ್ಲೂ ಇಂಟೀನ್. ರಿಪೇರಿ ನೆನಪಿಟ್ಟುಕೋ ಅಂದಿದ್ದೆನಲ್ಲ, ಇದಕ್ಕೇ. ಮನೆಯವನ ಒಳ್ಳೇ ಅಭ್ಯಾಸವನ್ನೇ ಕಳ್ಳ ಬಳಸಿಕೊಳ್ಳೋದು.

ಹೊರಗೆ ಹಾಕೋಕೆ ಯಾಕೆ ಆಗಲ್ಲ? ಇವನು ಕೂತಿರೋ ಜಾಗ ನೋಡು. ಸುಮ್ನೆ ಯಾವುದೋ ಮೂಲೆಯಲ್ಲಿ ಅಲ್ಲ. ಪಾಲಿಮರೇಸ್ ಕೆಲಸ ಮಾಡೋ ಗುಂಡಿಗೆಯಲ್ಲೇ. ಡಿಎನ್‌ಎಯಿಂದ ಅವನನ್ನ ತೆಗೆಯೋವಾಗ ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಪಾಲಿಮರೇಸ್ ಕೆಡುತ್ತೆ, ಪಾಲಿಮರೇಸ್ ಕೆಟ್ಟರೆ ಕೋಶವೇ ಸಾಯುತ್ತೆ. ಸರಿಯಾಗಿ ಅಷ್ಟನ್ನೇ, ಒಂದಕ್ಷರ ಬಿಡದೆ, ಒಂದಕ್ಷರ ಹೆಚ್ಚು ತೆಗೆಯದೆ ಕಿತ್ತರೆ ಮಾತ್ರ ಉಳಿವು. ಅದು ತಾನಾಗಿ ನಡೆಯೋದು ಅಪರೂಪ. ಬೇರೆ ಮೂಲೆಯಲ್ಲಿ ಕೂತವರನ್ನ ಹೇಗಾದರೂ ಕಿತ್ತು ಹಾಕಬಹುದು, ಇವನನ್ನ ಆಗಲ್ಲ.

ಮೊದಲು ಪೂರ್ತಿ ಓದಿದ ಆರ್ಕಿಯಾ ಜೀನೋಮ್ (ಜೀವಿಯ ಇಡೀ ಡಿಎನ್‌ಎ) ಮೆಥನೊಕಾಕಸ್ ಜನ್ನಾಶಿಯದು, 1996ರಲ್ಲಿ. ಆಲ್ವಿನ್ 2600 ಮೀಟರ್ ಆಳದಿಂದ ತಂದದ್ದು. ಸುಮಾರು 17 ಲಕ್ಷ ಅಕ್ಷರದ ಆ ಜೀನೋಮ್‌ನಲ್ಲಿ ಹದಿನೆಂಟು ಹತ್ತೊಂಬತ್ತು ಇಂಟೀನ್!

ಹಾಗಾಗಿ ವಾದ ಮಾಡೋರೇ, ಇಂಟೀನ್ ವಿಷಯದಲ್ಲಿ ನಾನು ನಿಮ್ಮ ಕಡೆ. ಇಟ್ಟುಕೊಂಡಿವೆ ಅನ್ನೋದೇ ತಪ್ಪು ಮಾತು. ಕಳಿಸೋಕೆ ಆಗಿಲ್ಲ, ಅಷ್ಟೇ.

ವಾದ ಮಾಡೋನು

ಮೊದಲ ಸಲ ಯಾರೋ ನನ್ನ ಕಡೆ ಅಂದರು. ಸ್ಕ್ರೀನ್‌ಶಾಟ್ ತಗೊಂಡೆ.

ಆರ್ಕಿಯಾ ಅಕ್ಕ

ತಗೊಳ್ಳಿ. ಈಗ ನಿಮ್ಮ ವಿರುದ್ಧ ಒಂದು.

ಫ್ಯೂರಿಯೋಸಸ್, ಲಿಟೊರಾಲಿಸ್, ಎರಡೂ ಇಟಲಿ ಕಡೆಯವು. ಇಬ್ಬರ ಡಿಎನ್‌ಎ ಸಾಕಷ್ಟು ಬೇರೆ. ಆದರೆ ಒಂದು ಕಡೆ ಸುಮಾರು 16,000 ಅಕ್ಷರ ಇಬ್ಬರಲ್ಲೂ ಹೆಚ್ಚು ಕಡಿಮೆ ಪಡಿಯಚ್ಚು. 2000ದಲ್ಲಿ ಇದನ್ನ ಪ್ರಕಟಿಸಿದರು. ಆ ಜಾಗದ ಅಂಚಿನಲ್ಲಿ ನಾನು ಹೇಳಿದ ಐಎಸ್ ತುಂಡುಗಳು ಕೂತಿವೆ. ಕಳ್ಳನ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋದ ಹಾಗೆ. ನಡುವೆ ಏನಿತ್ತು ಗೊತ್ತಾ? ಮಾಲ್ಟೋಸ್, ಟ್ರೆಹಲೋಸ್ ಅನ್ನೋ ಸಕ್ಕರೆಗಳನ್ನ ಒಳಗೆ ಎಳೆದುಕೊಳ್ಳೋ ಯಂತ್ರದ ಜೀನ್‌ಗಳು. ಹತ್ತಿರದ ದಾಯಾದಿ ಹೊರಿಕೋಶಿಯಲ್ಲಿ ಆ ತುಂಡು ಇಲ್ಲ. ಅಂದ್ರೆ ಒಬ್ಬರಿಂದ ಒಬ್ಬರಿಗೆ ಇತ್ತೀಚೆಗೆ ದಾಟಿದೆ. ಪಡೆದವರಿಗೆ ಹೊಸ ಊಟ ಸಿಕ್ಕಿತು.

ಈ ಐಎಸ್ ತುಂಡುಗಳಿಗೆ ಊಟ ತರೋ ಉದ್ದೇಶ ಇತ್ತಾ? ಇಲ್ಲ. ಓಡೋವಾಗ ಪಕ್ಕದಲ್ಲಿದ್ದ ಸಾಮಾನೂ ಜೊತೆಗೆ ಬಂತು. ಇನ್ನೊಂದು ಕಡೆ ಅದೇ ಓಡಾಟದಿಂದ ನಷ್ಟವೂ ಇದೆ. ಥರ್ಮೊಕಾಕಸ್ ನಾಟಿಲಿಯಲ್ಲಿ ಪಿಟಿಎನ್3 ಅಂತ ತುಂಡೊಂದರ ಕಿಣ್ವ ಇಡೀ ಕ್ರೋಮೊಸೋಮಿನ ದೊಡ್ಡ ಭಾಗಗಳನ್ನೇ ತಲೆಕೆಳಗು ಮಾಡುತ್ತೆ ಅಂತ 2017ರಲ್ಲಿ ತೋರಿಸಿದರು.

ಎಪಿಎಂಸಿ ಹುಡುಗ

ಅಕ್ಕ, ಒಂದು ಬುಗ್ಗೆಗೂ ಇನ್ನೊಂದಕ್ಕೂ ನೂರಾರು ಕಿಲೋಮೀಟರ್ ಇರುತ್ತಲ್ಲ. ನಡುವೆ ಎರಡು ಡಿಗ್ರಿ ತಣ್ಣೀರು. ಲಾರಿ ಇಲ್ಲ ಏನಿಲ್ಲ. ಹೇಗೆ ಹೋಗ್ತವೆ?

ಆರ್ಕಿಯಾ ಅಕ್ಕ

ತಣ್ಣೀರಲ್ಲಿ ಸಾಯಲ್ಲ ತಮ್ಮ, ಮಲಗುತ್ತವೆ. ಆಮ್ಲಜನಕ ಇವಕ್ಕೆ ವಿಷ, ಆದರೆ ತಣ್ಣಗಿರುವಾಗ ಅಷ್ಟು ಬಾಧಿಸಲ್ಲ. ತೇಲಿಕೊಂಡು ಹೋಗಿ ಬಿಸಿ ಸಿಕ್ಕ ಕಡೆ ಎದ್ದೇಳುತ್ತವೆ. ಹೋಗಲೇಬೇಕು, ಯಾಕಂದ್ರೆ ಒಂದೊಂದು ಚಿಮಣಿ ಕೆಲವು ವರ್ಷವೋ ದಶಕವೋ ಉರಿದು ಆರುತ್ತೆ. ಅದರೊಳಗೆ ಮಲಗಿದವನ ಜೊತೆ ಪ್ಲಾಸ್ಮಿಡ್, ಇಂಟೀನ್ ಎಲ್ಲರೂ ಟಿಕೆಟ್ ಇಲ್ಲದೆ ಬರ್ತಾರೆ.

ನಮ್ಮವರೂ ಹತ್ತಿರ ಹೋಗಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಹಿಂದೂ ಮಹಾಸಾಗರದ ಸುಮಾರು 4500 ಮೀಟರ್ ಆಳದ ಉರಿಯುವ ಬುಗ್ಗೆಯ ಫೋಟೊ ತೆಗೆದರು, ಚೆನ್ನೈನ ಎನ್‌ಐಒಟಿ (ಸಾಗರ ತಂತ್ರಜ್ಞಾನ ಸಂಸ್ಥೆ) ಮತ್ತು ಗೋವಾದ ಎನ್‌ಸಿಪಿಒಆರ್‌ನವರು (ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ).

ತಂಗಿ, ಒಂದು ಕೈಕೆಲಸದ ವಿಚಾರ ಸ್ಲೈಡ್‌ನಲ್ಲಿ ಹಾಕು, ಎಲ್ಲರೂ ಕಣ್ಣು ಬಿಡ್ತಾರೆ. ಇವನ್ನ ಬೆಳೆಸೋಕೆ ನಮ್ಮ ಮಾಮೂಲಿ ಅಗರ್ ಪ್ಲೇಟ್ ಆಗಲ್ಲ. 85 ಡಿಗ್ರಿ ಸುತ್ತಮುತ್ತ ಅಗರ್ ಕರಗಿ ಗಂಜಿ. ಜೆಲ್‌ರೈಟ್ ಅನ್ನೋ ಬೇರೆ ಗೋಂದು ಹಾಕ್ತಾರೆ. ಗಾಳಿ ತೆಗೆದ ಬಾಟಲಿ, ಒಳಗೆ ಹಳದಿ ಗಂಧಕದ ಪುಡಿ. ಬೆಳೆದ ಮೇಲೆ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಒಂದು ಸಲ ನಾನು ಗಾಳಿ ಹೊರಗೆಳೆಯೋ ಹುಡ್ ಹಾಕೋದು ಮರೆತೆ. ಇಡೀ ಮಹಡಿ ಖಾಲಿ.

ಮೆಕ್ಕೆಜೋಳದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆಮಿನಾರ್ ಆಯ್ತು. ಅದಕ್ಕೇ ಎರಡು ದಿನ ಬರಲಿಲ್ಲ.

ಮದುವೆ ಪಂಕ್ತಿಯನ್ನ ನಾಟಕ ಮಾಡಿಯೇ ತೋರಿಸಿದೆ. ಮುಂದಿನ ಬೆಂಚಿನ ಮೂವರನ್ನ ಎಬ್ಬಿಸಿ ಮಾವ, ಅಳಿಯ, ಇಂಟೀನ್ ಮಾಡಿದೆ. ಇಂಟೀನ್ ಆದ ಹುಡುಗ ಎದ್ದು ಹೋಗುವಾಗ ಕೈ ಕೈ ಹಿಡಿಸೋದು ಮರೆತ. "ಈಗ ಕೋಶ ಸತ್ತಿತು" ಅಂದೆ. ಚೆನ್ನಾಗಿ ನಕ್ಕರು, ಪಾಯಿಂಟೂ ತಲುಪಿತು. ಮರಡಿಹಳ್ಳಿ ಫೋಟೊ ಹಾಕಿದಾಗ ದುರ್ಗದಿಂದ ಬರೋ ಇಬ್ಬರು "ಇದು ನಮ್ಮೂರಾ?" ಅಂದರು. ಮೇಷ್ಟ್ರೇ, ಭಾನುವಾರ ಆರು ಜನ ಬರ್ತೀವಿ. ಮಂಡಕ್ಕಿ ಮೆಣಸಿನಕಾಯಿ ನಮ್ಮ ಕಡೆಯಿಂದ.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಒಬ್ಬರು ಕೇಳಿದರು: "ಇದೆಲ್ಲ ಸಮುದ್ರದ ತಳದ್ದಾಯಿತು. ನಮ್ಮ ಅಡುಗೆಮನೆಯಲ್ಲಿ ಇಂಥದ್ದು ಇಲ್ವಾ?" ನನಗೆ ಥಟ್ ಅಂತ ಹೊಳೆಯಲಿಲ್ಲ. ಅವರೇ ಹೇಳಿದರು. ಮೊಸರು ಹೆಪ್ಪಾಗಿಸೋ ಲ್ಯಾಕ್ಟೊಕಾಕಸ್‌ಗೆ ಹಾಲಿನ ಸಕ್ಕರೆ ತಿನ್ನೋ ಜೀನ್‌ಗಳು ಇರೋದು ಪ್ಲಾಸ್ಮಿಡ್ ಮೇಲಂತೆ. ಪ್ಲಾಸ್ಮಿಡ್ ಕಳೆದುಕೊಂಡರೆ ಅದಕ್ಕೆ ಹಾಲಿನ ಸಕ್ಕರೆ ತಿನ್ನೋಕೆ ಬರಲ್ಲ.

ಪಕ್ಕದವಳ ಮುಖ ನೋಡಬೇಕಿತ್ತು. ಅವಳ ಸೆಮಿನಾರ್ ಮುಂದಿನ ಗುರುವಾರ, ಸ್ಲೈಡ್‌ನಲ್ಲಿ ಪ್ಲಾಸ್ಮಿಡ್ ಅನ್ನೋ ಪದವೇ ಇಲ್ಲ. ಈಗ ಅವಳೂ ಇಲ್ಲಿಗೆ ಬರ್ತಿದ್ದಾಳೆ. ಅಕ್ಕ, ಮೀಟಿಂಗ್ ಗೀಟಿಂಗ್ ಇದ್ದರೆ ಮುಗಿಸಿಕೊಂಡು ಬನ್ನಿ.